ಪಾಸ್‌ವರ್ಡ್ ಕೇಳೋ ಆ ಮೊದಲ ಸ್ಕ್ರೀನ್: ಲಿನಕ್ಸ್‌ಗೆ ಯಾವ ಲಾಗಿನ್ ಮ್ಯಾನೇಜರ್ ಹಾಕ್ಕೋಬೇಕು?

ಲಿನಕ್ಸ್ ಹಾಕಿರೋ ಲ್ಯಾಪ್‌ಟಾಪ್ ಆನ್ ಮಾಡಿದ ಮೇಲೆ ನಿಮ್ಮ ಹೆಸರು ತೋರಿಸಿ ಪಾಸ್‌ವರ್ಡ್ ಕೇಳೋ ಸ್ಕ್ರೀನ್ ಇದ್ಯಲ್ಲ, ಅದು ಗ್ನೋಮ್, ಕೆಡಿಇ ತರದ ಡೆಸ್ಕ್‌ಟಾಪ್‌ನದೇ ಒಂದು ಭಾಗ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಆದ್ರೆ ಅದು ಬೇರೆಯದೇ ಒಂದು ಪ್ರೋಗ್ರಾಂ. ಡಿಸ್‌ಪ್ಲೇ ಮ್ಯಾನೇಜರ್ ಅಂತಾರೆ, ಲಾಗಿನ್ ಮ್ಯಾನೇಜರ್ ಅಂತಾನೂ ಅಂತಾರೆ. ಬೇಕಾದ್ರೆ ಅದನ್ನ ಬದಲಾಯಿಸ್ಬಹುದು, ಬೇಡ ಅಂದ್ರೆ ತೆಗೆದೇ ಹಾಕ್ಬಹುದು. ಬದಲಾಯಿಸೋಕೆ ಹೊರಟೋರು ಸಾಮಾನ್ಯವಾಗಿ ಮೊದಲು ನೋಡೋದು ಥೀಮು, ಯಾವುದು ಚೆನ್ನಾಗಿ ಕಾಣ್ಸತ್ತೆ, ಯಾವುದಕ್ಕೆ ಹಿಂದೆ ಒಳ್ಳೇ ಫೋಟೋ ಹಾಕ್ಬಹುದು ಅಂತ. ನನ್ನ ಪ್ರಕಾರ ಅದನ್ನ ಕೊನೇಲಿ ನೋಡ್ಬೇಕು. ಈ ಪ್ರೋಗ್ರಾಂ ರೂಟ್ ಅಧಿಕಾರದಲ್ಲಿ, ಅಂದ್ರೆ ಇಡೀ ಮಷಿನ್ ಮೇಲಿನ ಪೂರ್ತಿ ಅಧಿಕಾರದಲ್ಲಿ ಓಡತ್ತೆ, ನಿಮ್ಮ ಪಾಸ್‌ವರ್ಡ್ ಇದರ ಮೂಲಕವೇ ಹೋಗತ್ತೆ, ಇದು ಕೆಟ್ರೆ ಡೆಸ್ಕ್‌ಟಾಪ್ ಕಣ್ಣಿಗೇ ಬೀಳಲ್ಲ. ಹಾಗಾಗಿ ನಿಮ್ಮ ಡೆಸ್ಕ್‌ಟಾಪ್ ಯಾವುದು, ಆ ಮಷಿನ್ ಮುಂದೆ ಯಾರ್ಯಾರು ಕೂರ್ತಾರೆ, ಇವೆರಡಕ್ಕೆ ಹೊಂದೋದನ್ನ ಹಾಕ್ಕೋಬೇಕು.

ಮೊದಲು ಅದು ಏನ್ ಮಾಡತ್ತೆ ಅಂತ ನೋಡೋಣ, ಇದು ಗೊತ್ತಾದ್ರೆ ಅರ್ಧ ಗೊಂದಲ ಅಲ್ಲೇ ಹೋಗತ್ತೆ. ಮಷಿನ್ ಬೂಟ್ ಆಗ್ತಾ ಕರ್ನಲ್ ಎದ್ದು, ಸಿಸ್ಟಮ್‌ಡಿ ಒಂದೊಂದೇ ಸರ್ವಿಸ್ ಶುರು ಮಾಡ್ತಾ ಬಂದು, ಕೊನೆಗೆ ಗ್ರಾಫಿಕಲ್ ಟಾರ್ಗೆಟ್ ಅನ್ನೋ ಹಂತಕ್ಕೆ ಬರತ್ತೆ. ಅಲ್ಲಿ ಡಿಸ್‌ಪ್ಲೇ-ಮ್ಯಾನೇಜರ್ ಅನ್ನೋ ಹೆಸರಲ್ಲಿ ಒಂದು ಸಿಮ್‌ಲಿಂಕ್, ಅಂದ್ರೆ ಇನ್ನೊಂದು ಫೈಲ್‌ನ ತೋರಿಸೋ ಕೊಂಡಿ, ಇರತ್ತೆ, ಅದು ಯಾವ ಪ್ರೋಗ್ರಾಂ ಕಡೆ ಬೆರಳು ಮಾಡಿದ್ಯೋ ಅದು ಶುರುವಾಗತ್ತೆ. ಒಂದು ಮಷಿನ್‌ನಲ್ಲಿ ನಾಲ್ಕು ಲಾಗಿನ್ ಮ್ಯಾನೇಜರ್ ಇನ್‌ಸ್ಟಾಲ್ ಆಗಿದ್ರೂ ಬೂಟ್‌ನಲ್ಲಿ ಏಳೋದು ಒಂದೇ, ಕಾರಣ ಈ ಸಿಮ್‌ಲಿಂಕ್.

ಶುರುವಾದ ಪ್ರೋಗ್ರಾಂನಲ್ಲಿ ಎರಡು ತುಂಡು ಇರತ್ತೆ. ಹಿಂದೆ ರೂಟ್ ಆಗಿ ಓಡೋ ಡೀಮನ್ ಒಂದು, ನಿಮ್ಮ ಕಣ್ಣಿಗೆ ಕಾಣೋ ಗ್ರೀಟರ್ ಇನ್ನೊಂದು. ಗ್ರೀಟರ್‌ಗೆ ರೂಟ್ ಅಧಿಕಾರ ಕೊಡಲ್ಲ, ಅದಕ್ಕಂತಲೇ ಜಿಡಿಎಂ, ಎಸ್‌ಡಿಡಿಎಂ ಅಂತೆಲ್ಲ ಲಾಗಿನ್ ಮ್ಯಾನೇಜರ್‌ನದೇ ಹೆಸರಿರೋ ಒಂದು ಬೇರೆ ಯೂಸರ್ ಅಕೌಂಟ್ ಇರತ್ತೆ, ಅದರಲ್ಲಿ ಓಡತ್ತೆ. ನೀವು ಟೈಪ್ ಮಾಡಿದ ಪಾಸ್‌ವರ್ಡ್‌ನ ಗ್ರೀಟರ್ ತಗೊಂಡು ಡೀಮನ್‌ಗೆ ದಾಟಿಸತ್ತೆ, ಡೀಮನ್ ಅದನ್ನ ಪ್ಯಾಮ್ ಅನ್ನೋ ವ್ಯವಸ್ಥೆಗೆ ಕೊಡತ್ತೆ. ಸರಿಯೋ ತಪ್ಪೋ ಅಂತ ತೀರ್ಮಾನ ಮಾಡೋದು ಪ್ಯಾಮ್, ಲಾಗಿನ್ ಮ್ಯಾನೇಜರ್ ಅಲ್ಲ, ಬೆರಳಚ್ಚು ಸೇರಿಸೋದು, ಕಾಲೇಜಿನ ಎಲ್ಲರ ಅಕೌಂಟ್ ಇಟ್ಟಿರೋ ಎಲ್‌ಡ್ಯಾಪ್ ಸರ್ವರ್‌ನ ಕೇಳೋದು ಎಲ್ಲ ಅಲ್ಲೇ. ಪಾಸ್ ಆದ್ರೆ ಡೀಮನ್, ಯಾರು ಲಾಗಿನ್ ಆಗಿದ್ದಾರೆ ಅಂತ ಲೆಕ್ಕ ಇಡೋ ಲಾಗಿನ್‌ಡಿಗೆ ಹೇಳಿ ನಿಮ್ಮ ಹೆಸರಲ್ಲಿ ಒಂದು ಸೆಷನ್ ತೆಗೆಸಿ, ನೀವು ಆರಿಸಿಕೊಂಡ ಡೆಸ್ಕ್‌ಟಾಪ್‌ನ ನಿಮ್ಮ ಯೂಸರ್ ಅಡಿಯಲ್ಲಿ ಶುರು ಮಾಡತ್ತೆ. ಯಾವ್ಯಾವ ಡೆಸ್ಕ್‌ಟಾಪ್ ಇದೆ ಅನ್ನೋ ಪಟ್ಟಿ ಎಲ್ಲಿಂದ ಬರತ್ತೆ ಅಂದ್ರೆ, ಯೂಎಸ್‌ಆರ್ ಶೇರ್ ಒಳಗೆ ಎಕ್ಸ್‌ಸೆಷನ್ಸ್, ವೇಲ್ಯಾಂಡ್-ಸೆಷನ್ಸ್ ಅಂತ ಎರಡು ಫೋಲ್ಡರ್ ಇವೆ (ಎಕ್ಸ್, ವೇಲ್ಯಾಂಡ್ ಅಂದ್ರೆ ಸ್ಕ್ರೀನ್ ಮೇಲೆ ಕಿಟಕಿಗಳನ್ನ ತೋರಿಸೋ ಹಳೇ ಮತ್ತು ಹೊಸ ವ್ಯವಸ್ಥೆ), ಅದರಲ್ಲಿರೋ ಚಿಕ್ಕ ಚಿಕ್ಕ ಟೆಕ್ಸ್ಟ್ ಫೈಲ್‌ಗಳನ್ನ ಓದಿ ಪಟ್ಟಿ ಮಾಡತ್ತೆ ಅಷ್ಟೇ. ಈ ಪಟ್ಟಿ ಎಲ್ಲಿದೆ ಅಂತ ಹುಡುಕಿ ಸಾಕಾಗೋರು ಬಹಳ ಜನ. ಗ್ನೋಮ್‌ನೋರ ಲಾಗಿನ್ ಸ್ಕ್ರೀನ್‌ನಲ್ಲಿ ಹೆಸರಿನ ಮೇಲೆ ಕ್ಲಿಕ್ ಮಾಡಿ ಪಾಸ್‌ವರ್ಡ್ ಜಾಗ ಬಂದ ಮೇಲಷ್ಟೇ ಕೆಳಗೆ ಮೂಲೇಲಿ ಗೇರ್ ಚಿತ್ರ ಕಾಣ್ಸೋದು, ಅದನ್ನ ಒತ್ತಿದ್ರೆ ಪಟ್ಟಿ ಬರತ್ತೆ.

ಇದೆಲ್ಲ ಶುರುವಾಗಿದ್ದು ಎಕ್ಸ್‌ಡಿಎಂನಿಂದ. 1988ರಲ್ಲಿ ಎಕ್ಸ್ ವಿಂಡೋ ಸಿಸ್ಟಮ್‌ನ 11ನೇ ಆವೃತ್ತಿಯ 3ನೇ ರಿಲೀಸ್ ಜೊತೆ ಬಂತು, ಬರೆದೋರು ಕೀತ್ ಪ್ಯಾಕರ್ಡ್. ಆಗ ಎಕ್ಸ್ ಟರ್ಮಿನಲ್ ಅನ್ನೋ ಮಷಿನ್‌ಗಳ ಕಾಲ, ಮೇಜಿನ ಮೇಲೆ ಬರೀ ಸ್ಕ್ರೀನು ಕೀಬೋರ್ಡು ಇರೋದು, ಪ್ರೋಗ್ರಾಂ ಎಲ್ಲ ಓಡ್ತಿದ್ದಿದ್ದು ಎಲ್ಲೋ ಇರೋ ದೊಡ್ಡ ಯುನಿಕ್ಸ್ ಸರ್ವರ್‌ನಲ್ಲಿ. ಆ ಸ್ಕ್ರೀನ್‌ಗಳಿಗೆ ನೆಟ್‌ವರ್ಕ್ ಮೇಲೆ ಲಾಗಿನ್ ಕಿಟಕಿ ತೋರಿಸೋಕೆ ಎಕ್ಸ್‌ಡಿಎಂಸಿಪಿ ಅಂತ ಪ್ರೋಟೋಕಾಲ್ ಮುಂದಿನ ವರ್ಷ, ಅಂದ್ರೆ 1989ರ ರಿಲೀಸ್‌ನಲ್ಲಿ ಸೇರ್ತು, ಯುಡಿಪಿಯ 177ನೇ ಪೋರ್ಟ್ ಮೇಲೆ ನಡೆಯತ್ತೆ. ಅದರಲ್ಲಿ ಎನ್‌ಕ್ರಿಪ್ಷನ್ ಅನ್ನೋದೇ ಇಲ್ಲ. ಇವತ್ತಿಗೂ ಕೆಲವು ಕಡೆ ಹಳೇ ಗೈಡ್ ನೋಡ್ಕೊಂಡು ಅದನ್ನ ಆನ್ ಮಾಡೋರಿದ್ದಾರೆ, ದಯವಿಟ್ಟು ಮಾಡ್ಬೇಡಿ, ನೀವು ಒತ್ತೋ ಪ್ರತಿ ಕೀ ನೆಟ್‌ವರ್ಕ್‌ನಲ್ಲಿ ಬಿಚ್ಚಿಟ್ಟ ಹಾಗೇ ಹೋಗತ್ತೆ. ದೂರದಿಂದ ಲಾಗಿನ್ ಆಗ್ಬೇಕಿದ್ರೆ ಎಸ್‌ಎಸ್‌ಎಚ್ ಇದೆ, ಆರ್‌ಡಿಪಿ ಇದೆ.

ಎಕ್ಸ್‌ಡಿಎಂ ಈಗಲೂ ಸಿಗತ್ತೆ, ಆದ್ರೆ ಈಗ ಮನೆಯ ಲ್ಯಾಪ್‌ಟಾಪ್‌ಗೆ ಅದನ್ನ ಹಾಕಿ ಅಂತ ಹೇಳೋಕೆ ನಂಗೆ ಕಾರಣ ಸಿಗಲ್ಲ. ಆಮೇಲೆ ದೊಡ್ಡ ಯುನಿಕ್ಸ್ ಕಂಪನಿಗಳ ಸಿಡಿಇ ಡೆಸ್ಕ್‌ಟಾಪ್‌ಗೆ ಡಿಟಿಲಾಗಿನ್ ಬಂತು, ಕೆಡಿಇಯೋರು ಕೆಡಿಎಂ ಮಾಡಿದ್ರು, ಗ್ನೋಮ್‌ನೋರು ಜಿಡಿಎಂ ಮಾಡಿದ್ರು. ಈಗ ನಮ್ಮ ಮುಂದೆ ನಿಜವಾಗಿ ಇರೋ ಆಯ್ಕೆ ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ, ಗ್ರೀಟ್‌ಡಿ, ಇಲ್ಲಾಂದ್ರೆ ಏನೂ ಇಲ್ದೆ ಇರೋದು.

ಜಿಡಿಎಂ ವಿಷಯ ಸುಲಭ. ಗ್ನೋಮ್ ಬಳಸ್ತೀರಾ, ಜಿಡಿಎಂ ಇಟ್ಕೊಳಿ, ಮುಟ್ಟೋಕೆ ಹೋಗ್ಬೇಡಿ. ಗ್ನೋಮ್‌ನ ಸ್ಕ್ರೀನ್ ಲಾಕ್ ಇದ್ಯಲ್ಲ, ಅದು ಪಾಸ್‌ವರ್ಡ್ ಪರೀಕ್ಷೆ ಮಾಡೋಕೆ ಜಿಡಿಎಂನ ಕೇಳತ್ತೆ, ಜಿಡಿಎಂ ತೆಗೆದು ಬೇರೆ ಹಾಕಿದ್ರೆ ಲಾಗಿನ್ ಏನೋ ಆಗತ್ತೆ, ಆದ್ರೆ ಸ್ಕ್ರೀನ್ ಲಾಕ್ ಕೈ ಕೊಡತ್ತೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಬಿಟ್ಟು ಟೀ ಕುಡಿಯೋಕೆ ಹೋಗೋ ಜನಕ್ಕೆ ಇದು ಸಣ್ಣ ವಿಷಯ ಅಲ್ಲ. ಗ್ನೋಮ್ ಬಳಸಲ್ಲ ಅಂದ್ರೆ ಜಿಡಿಎಂ ಭಾರ. ಅದರ ಗ್ರೀಟರ್ ಅಂದ್ರೆ ಗ್ನೋಮ್ ಡೆಸ್ಕ್‌ಟಾಪ್‌ನ ಮುಖ್ಯ ಭಾಗವಾದ ಗ್ನೋಮ್ ಶೆಲ್ಲೇ, ಡೆಬಿಯನ್‌ನಲ್ಲಿ ಅದೊಂದನ್ನ ಹಾಕೋಕೆ ಹೋದ್ರೂ ಗ್ನೋಮ್ ಶೆಲ್ ಪೂರ್ತಿ ಹಿಂದೆಯೇ ಬರತ್ತೆ. ಬರೀ ಪಾಸ್‌ವರ್ಡ್ ಕೇಳೋಕೆ ಅಷ್ಟು ದೊಡ್ಡದನ್ನ ಎಬ್ಬಿಸೋದು 4 ಜಿಬಿ ರ‍್ಯಾಮ್ ಇರೋ ಹಳೇ ಮಷಿನ್‌ಗೆ ಬೇಕಾಗಿಲ್ಲ. ಥೀಮ್ ಬದಲಾಯಿಸೋದೂ ಇಲ್ಲಿ ಕಷ್ಟ, ಗ್ನೋಮ್‌ನೋರು ಅದಕ್ಕೆ ಅಂತ ದಾರಿ ಬಿಟ್ಟಿಲ್ಲ.

ಲಾಗಿನ್ ಮ್ಯಾನೇಜರ್‌ನಲ್ಲಿ ಒಂದು ತಪ್ಪಿದ್ರೆ ಎಷ್ಟು ದೂರ ಹೋಗತ್ತೆ ಅನ್ನೋದಕ್ಕೆ ಜಿಡಿಎಂನದ್ದೇ ಒಂದು ಪ್ರಕರಣ ಇದೆ, ಸ್ವಲ್ಪ ವಿವರವಾಗಿ ಹೇಳ್ತೀನಿ. 2020ರಲ್ಲಿ ಗಿಟ್‌ಹಬ್‌ನ ಸೆಕ್ಯೂರಿಟಿ ಸಂಶೋಧಕ ಕೆವಿನ್ ಬ್ಯಾಕ್‌ಹೌಸ್ ಉಬುಂಟು 20.04ರಲ್ಲಿ ಕಂಡುಹಿಡಿದಿದ್ದು. ಜಿಡಿಎಂ ಏಳುವಾಗ ಈ ಮಷಿನ್‌ನಲ್ಲಿ ಎಷ್ಟು ಯೂಸರ್ ಅಕೌಂಟ್ ಇದೆ ಅಂತ ಅಕೌಂಟ್ಸ್ ಡೀಮನ್ ಅನ್ನೋ ಇನ್ನೊಂದು ಸರ್ವಿಸ್‌ನ ಕೇಳತ್ತೆ. ಒಂದೂ ಇಲ್ಲ ಅಂತಾದ್ರೆ, ಓ ಇದು ಈಗಷ್ಟೇ ಇನ್‌ಸ್ಟಾಲ್ ಆಗಿರೋ ಹೊಸ ಮಷಿನ್ ಅಂತ ತಿಳ್ಕೊಂಡು, ಮೊದಲ ಅಕೌಂಟ್ ಮಾಡಿ ಅನ್ನೋ ಸೆಟಪ್ ಸ್ಕ್ರೀನ್ ತೋರಿಸತ್ತೆ, ಅಲ್ಲಿ ಮಾಡೋ ಅಕೌಂಟ್‌ಗೆ ಅಡ್ಮಿನ್ ಅಧಿಕಾರ ಇರತ್ತೆ. ಆದ್ರೆ ಅಕೌಂಟ್ಸ್ ಡೀಮನ್ ಉತ್ತರವೇ ಕೊಡದೆ ಸುಮ್ಮನಾಗ್ಬಿಟ್ರೆ? ಆಗ್ಲೂ ಜಿಡಿಎಂ ಸೊನ್ನೆ ಅಕೌಂಟ್ ಅಂತಲೇ ಲೆಕ್ಕ ಹಾಕ್ತಿತ್ತು. ಉಬುಂಟುನ ಅಕೌಂಟ್ಸ್ ಡೀಮನ್‌ನಲ್ಲಿ ಬೇರೆ ಒಂದು ದೋಷ ಇತ್ತು, ಸಾಮಾನ್ಯ ಯೂಸರ್ ತನ್ನ ಹೋಮ್ ಫೋಲ್ಡರ್‌ನ ಒಂದು ಫೈಲ್‌ನ ಎಂದೂ ಮುಗಿಯದ ಡಿವೈಸ್ ಕಡೆ ಸಿಮ್‌ಲಿಂಕ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಾಯಿಸಿದ್ರೆ ಡೀಮನ್ ಅದನ್ನ ಓದ್ತಾನೇ ಸಿಕ್ಕಾಕೊಳ್ತಿತ್ತು, ಆ ಸ್ಥಿತಿಯಲ್ಲಿ ಅದನ್ನ ನಿಲ್ಲಿಸೋಕೂ ಸಾಯಿಸೋಕೂ ಆ ಯೂಸರ್‌ಗೇ ಆಗ್ತಿತ್ತು. ಎರಡೂ ಸೇರಿಸಿ, ಲಾಗ್ಔಟ್ ಮಾಡಿ ಕಾದ್ರೆ ಸೆಟಪ್ ಸ್ಕ್ರೀನ್ ಬರೋದು, ಅಡ್ಮಿನ್ ಅಕೌಂಟ್ ಕೈಗೆ. ಎಲ್ಲ ಸರಿ ಮಾಡಿ ಅಪ್‌ಡೇಟ್ ಕೊಟ್ಟು ವರ್ಷಗಳೇ ಆಯ್ತು, ಜಿಡಿಎಂ ಬಳಸ್ಬೇಡಿ ಅನ್ನೋಕೆ ಇದನ್ನ ಹೇಳ್ತಿಲ್ಲ. ಈ ಜಾಗದಲ್ಲಿರೋ ಪ್ರೋಗ್ರಾಂ ಹಿಂದೆ ದೋಷ ತಿಳಿಸಿದ ತಕ್ಷಣ ಎದ್ದು ಸರಿಮಾಡೋ ಜನ ಇರಲೇಬೇಕು ಅನ್ನೋಕೆ ಹೇಳ್ತಿದ್ದೀನಿ. ಸ್ಲಿಮ್ ಅಂತ ಒಂದಿತ್ತು, ಹಗುರ, ಥೀಮ್‌ಗಳೂ ಚೆನ್ನಾಗಿದ್ವು, ಹಳೇ ಗೈಡ್‌ಗಳಲ್ಲಿ ಈಗಲೂ ಹೆಸರು ಸಿಗತ್ತೆ, ಆದ್ರೆ ಮೂಲ ಪ್ರಾಜೆಕ್ಟ್‌ನ ಕೊನೇ ರಿಲೀಸ್ 2013ರದ್ದು. ಅಂಥದ್ದನ್ನ ಎಷ್ಟೇ ಚೆನ್ನಾಗಿ ಕಂಡ್ರೂ ಹಾಕ್ಕೋಬೇಡಿ.

ಕೆಡಿಇ ಪ್ಲಾಸ್ಮಾ ಬಳಸೋರಿಗೆ ಎಸ್‌ಡಿಡಿಎಂ. 2014ರಲ್ಲಿ ಪ್ಲಾಸ್ಮಾ 5 ಬಂದಾಗ ಕೆಡಿಎಂನ ಕೈಬಿಟ್ಟು ಇದನ್ನ ಹಿಡಿದ್ರು, ಲುಬುಂಟು ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್‌ಗೆ ಹೋದ್ಮೇಲೆ ಅಲ್ಲೂ ಇದೇ. ಕ್ಯೂಟಿ ಲೈಬ್ರರಿ ಮೇಲೆ ನಿಂತಿದೆ, ಥೀಮ್‌ಗಳೆಲ್ಲ ಕ್ಯೂಎಂಎಲ್‌ನಲ್ಲಿ ಬರೆದಿದ್ದು, ಹಾಗಾಗಿ ಅಂದ ಚೆಂದ ಬೇಕು ಅನ್ನೋರಿಗೆ ಇಷ್ಟು ಸ್ವಾತಂತ್ರ್ಯ ಬೇರೆಲ್ಲೂ ಸಿಗಲ್ಲ. ಆದ್ರೆ ಕ್ಯೂಎಂಎಲ್ ಅಂದ್ರೆ ಬರೀ ಬಣ್ಣ, ಚಿತ್ರ ಅಲ್ಲ, ಅದು ಓಡೋ ಕೋಡ್, ಯಾರೋ ಅಪರಿಚಿತರು ಬರೆದ ಥೀಮ್ ಇಳಿಸಿ ಹಾಕಿದ್ರೆ ನಿಮ್ಮ ಪಾಸ್‌ವರ್ಡ್ ಟೈಪ್ ಆಗೋ ಜಾಗದಲ್ಲೇ ಅವರ ಕೋಡ್ ಓಡತ್ತೆ. 2024ರ ಮಾರ್ಚ್‌ನಲ್ಲಿ ಪ್ಲಾಸ್ಮಾದ ಒಂದು ಗ್ಲೋಬಲ್ ಥೀಮ್ ಹಾಕಿದ ಒಬ್ಬರ ಫೈಲ್‌ಗಳೆಲ್ಲ ಅಳಿಸಿಹೋಗಿ, ಕೆಡಿಇಯೋರೇ ಹೊರಗಿನ ಥೀಮ್ ಹಾಕುವಾಗ ಹುಷಾರು ಅಂತ ಎಚ್ಚರಿಕೆ ಕೊಟ್ರು. ಅದು ಎಸ್‌ಡಿಡಿಎಂ ಥೀಮ್ ಅಲ್ಲ ನಿಜ, ಅಪಾಯ ಮಾತ್ರ ಅದೇ ಜಾತಿದು. ಡಿಸ್ಟ್ರೋ (ಉಬುಂಟು, ಫೆಡೋರಾ ತರದ ಲಿನಕ್ಸ್ ಬಗೆ) ಜೊತೆ ಬರೋ ಬ್ರೀಜ್ ಥೀಮ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಎಸ್‌ಡಿಡಿಎಂ ಒಳ್ಳೇದೇ, ಆದ್ರೆ ಬಹಳ ವರ್ಷ ಅದರ ಗ್ರೀಟರ್ ಎಕ್ಸ್ ಮೇಲೇ ಓಡ್ತಿತ್ತು, ವೇಲ್ಯಾಂಡ್ ಗ್ರೀಟರ್ ಬಂದಿದ್ದು 2023ರ 0.20 ಆವೃತ್ತಿಯಲ್ಲಿ, ಅದೂ ಪ್ರಾಯೋಗಿಕ ಅಂತ. ಇದಕ್ಕೇ ಪ್ಲಾಸ್ಮಾ ಪೂರ್ತಿ ವೇಲ್ಯಾಂಡ್ ಆದ್ರೂ ಲಾಗಿನ್ ಸ್ಕ್ರೀನ್‌ಗೋಸ್ಕರ ಎಕ್ಸ್ ಸರ್ವರ್ ಇಟ್ಕೊಳೋ ಪರಿಸ್ಥಿತಿ ಎಷ್ಟೋ ಡಿಸ್ಟ್ರೋಗಳಲ್ಲಿ. ಕೆಡಿಇ ತಂಡ ಈಗ ಎಸ್‌ಡಿಡಿಎಂನ ಕೋಡ್‌ನಿಂದಲೇ ಕವಲು ತೆಗೆದು ಪ್ಲಾಸ್ಮಾ ಲಾಗಿನ್ ಮ್ಯಾನೇಜರ್ ಅಂತ ಸ್ವಂತದ್ದು ಮಾಡ್ಕೊಂಡಿದೆ, ನಿಮ್ಮ ಡಿಸ್ಟ್ರೋ ಅದಕ್ಕೆ ಬದಲಾಯಿಸಿದ್ರೆ ಜೊತೆಗೇ ಹೋಗಿ.

ಲೈಟ್‌ಡಿಎಂ ಮೇಲೆ ನಂಗೆ ಒಂದು ಗೌರವ ಇದೆ. ಉಬುಂಟು ಮಾಡೋ ಕೆನಾನಿಕಲ್ ಕಂಪನಿಯಲ್ಲಿದ್ದ ರಾಬರ್ಟ್ ಆನ್ಸೆಲ್ ಶುರು ಮಾಡಿದ್ದು, ಉಬುಂಟು 11.10ರಿಂದ, ಅಂದ್ರೆ 2011ರಿಂದ, 2017ರಲ್ಲಿ ಮತ್ತೆ ಗ್ನೋಮ್‌ಗೆ ವಾಪಸ್ ಬರೋವರೆಗೂ ಉಬುಂಟುವಿನ ಮುಖ್ಯ ಲಾಗಿನ್ ಮ್ಯಾನೇಜರ್ ಅದೇ ಆಗಿತ್ತು. ಡೀಮನ್ ಬೇರೆ, ಗ್ರೀಟರ್ ಬೇರೆ ಅನ್ನೋದನ್ನ ಇದು ಪೂರ್ತಿಯಾಗಿ ಪಾಲಿಸತ್ತೆ, ಒಂದೇ ಡೀಮನ್‌ಗೆ ಜಿಟಿಕೆ ಗ್ರೀಟರ್ ಹಾಕ್ಬಹುದು, ಲಿನಕ್ಸ್ ಮಿಂಟ್‌ನೋರ ಸ್ಲಿಕ್ ಗ್ರೀಟರ್ ಹಾಕ್ಬಹುದು, ಯಾವ ಡೆಸ್ಕ್‌ಟಾಪ್‌ಗೂ ಅಂಟಿಕೊಂಡಿಲ್ಲ. ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್ ಡೆಸ್ಕ್‌ಟಾಪ್ ಬಳಸೋರು ಕಣ್ಮುಚ್ಚಿ ಇದನ್ನ ಹಾಕ್ಕೋಬಹುದು. ಮಿಂಟ್‌ನಲ್ಲಿ, ಝುಬುಂಟುನಲ್ಲಿ, ರಾಸ್‌ಬೆರಿ ಪೈ ಓಎಸ್‌ನಲ್ಲಿ ಇರೋದು ಇದೇ. ಶಾಲೆ ಕಾಲೇಜಿನ ಲ್ಯಾಬ್‌ಗೂ ನಾನು ಇದನ್ನೇ ಹೇಳೋದು: ಹಳೇ ಮಷಿನ್‌ಗಳು, ನೂರಾರು ಹುಡುಗರ ಅಕೌಂಟು, ಅಲ್ಲಿ ಎಲ್ಲರ ಹೆಸರಿನ ಪಟ್ಟಿ ಸ್ಕ್ರೀನ್ ಮೇಲೆ ಬರಬಾರ್ದು, ಬರೀ ಖಾಲಿ ಜಾಗ ಇದ್ದು ಹೆಸರು ಪಾಸ್‌ವರ್ಡ್ ಎರಡೂ ಟೈಪ್ ಮಾಡೋ ಹಾಗಿರಬೇಕು, ಲೈಟ್‌ಡಿಎಂ ಕಾನ್ಫಿಗ್‌ನಲ್ಲಿ ಒಂದೇ ಸಾಲಲ್ಲಿ ಅದು ಆಗತ್ತೆ.

ಸ್ವೇ, ಹೈಪರ್‌ಲ್ಯಾಂಡ್ ತರದ ವೇಲ್ಯಾಂಡ್ ಡೆಸ್ಕ್‌ಟಾಪ್ ಬಳಸೋರಿಗೆ ಗ್ರೀಟ್‌ಡಿ ಹೇಳಿ ಮಾಡಿಸಿದ್ದು. ರಸ್ಟ್‌ನಲ್ಲಿ ಬರೆದ ಸಣ್ಣ ಡೀಮನ್, ಒಂದೇ ಒಂದು ಪುಟ್ಟ ಕಾನ್ಫಿಗ್ ಫೈಲ್, ಗ್ರೀಟರ್ ನಿಮ್ಮಿಷ್ಟ, ಟರ್ಮಿನಲ್‌ನಲ್ಲೇ ಬರೋ ಟುಯಿಗ್ರೀಟ್ ಹಾಕಿ ಅಥವಾ ಚಿತ್ರ ಬೇಕಂದ್ರೆ ರಿಗ್ರೀಟ್ ಹಾಕಿ. ಸಿಸ್ಟಮ್76ನೋರ ಕಾಸ್ಮಿಕ್ ಡೆಸ್ಕ್‌ಟಾಪ್‌ನ ಗ್ರೀಟರ್ ಹಿಂದೆ ಇರೋದೂ ಗ್ರೀಟ್‌ಡಿನೇ. ಲೈ ಅಂತ ಇನ್ನೊಂದಿದೆ, ಅದೂ ಟರ್ಮಿನಲ್‌ನಲ್ಲೇ ಬರತ್ತೆ, ಇನ್ನೂ ಸರಳ. ಅದೂ ಬೇಡ ಅಂದ್ರೆ ಕಪ್ಪು ಟರ್ಮಿನಲ್‌ನಲ್ಲಿ ಲಾಗಿನ್ ಆಗಿ ಸ್ವೇ ಅಂತ ಟೈಪ್ ಮಾಡಿದ್ರೆ ಮುಗೀತು, ಎಕ್ಸ್ ಆದ್ರೆ ಸ್ಟಾರ್ಟ್‌ಎಕ್ಸ್. ಒಂದು ಎಚ್ಚರ, ಈ ತರ ಶುರು ಮಾಡುವಾಗ ಕಮಾಂಡ್ ಮುಂದೆ ಎಕ್ಸೆಕ್ ಅಂತ ಸೇರಿಸಿ, ಇಲ್ಲಾಂದ್ರೆ ಡೆಸ್ಕ್‌ಟಾಪ್ ಕ್ರ್ಯಾಶ್ ಆದಾಗ ನಿಮ್ಮ ಅಕೌಂಟ್‌ನ ಶೆಲ್ (ಕಮಾಂಡ್ ಟೈಪ್ ಮಾಡೋ ಜಾಗ) ಪಾಸ್‌ವರ್ಡ್ ಇಲ್ದೆ ತೆರೆದೇ ಇರತ್ತೆ.

ಲಿನಕ್ಸ್ ಬದಲು ಬಿಎಸ್‌ಡಿ (ಇನ್ನೊಂದು ಯುನಿಕ್ಸ್ ಬಗೆಯ ಓಎಸ್) ಬಳಸೋರಿಗೆ ಎರಡೇ ಮಾತು. ಫ್ರೀಬಿಎಸ್‌ಡಿಯಲ್ಲಿ ಎಸ್‌ಡಿಡಿಎಂ, ಲೈಟ್‌ಡಿಎಂ, ಜಿಡಿಎಂ ಮೂರೂ ಸಿಗತ್ತೆ, ಆರ್‌ಸಿ ಕಾನ್ಫ್ ಫೈಲ್‌ನಲ್ಲಿ ಒಂದು ಸಾಲು ಹಾಕಿ ಎನೇಬಲ್ ಮಾಡೋದು. ಓಪನ್‌ಬಿಎಸ್‌ಡಿಯೋರು ಎಕ್ಸ್‌ಡಿಎಂನ ತಗೊಂಡು, ನೆಟ್‌ವರ್ಕ್ ಲಾಗಿನ್ ಭಾಗ ಕಿತ್ತು ಹಾಕಿ, ಝೀನೋಡಿಎಂ ಅಂತ ತಮ್ಮದೇ ಮಾಡ್ಕೊಂಡಿದ್ದಾರೆ, ಸಿಸ್ಟಮ್ ಜೊತೇನೇ ಬರತ್ತೆ, ಅದೇ ಸಾಕು.

ಯಾವುದನ್ನ ಹಾಕ್ಕೊಂಡ್ರೂ ಕನ್ನಡ ಬಳಸೋರು ಗಮನಿಸ್ಬೇಕಾದ ಒಂದೆರಡು ವಿಷಯ ಇದೆ. ಗ್ರೀಟರ್ ಓಡೋವಾಗ ನೀವಿನ್ನೂ ಲಾಗಿನ್ ಆಗಿರಲ್ಲ, ಹಾಗಾಗಿ ನಿಮ್ಮ ಡೆಸ್ಕ್‌ಟಾಪ್‌ನ ಕೀಬೋರ್ಡ್ ಸೆಟ್ಟಿಂಗ್ ಅದಕ್ಕೆ ಗೊತ್ತಿರಲ್ಲ, ಇಡೀ ಸಿಸ್ಟಮ್‌ಗೆ ಯಾವ ಲೇಔಟ್ ಇದ್ಯೋ ಅದನ್ನ ತಗೊಳತ್ತೆ. ಸಿಸ್ಟಮ್ ಲೇಔಟ್‌ನಲ್ಲಿ ಕನ್ನಡ ಮೊದಲು ಇಟ್ಟುಬಿಟ್ರೆ ನೀವು ಇಂಗ್ಲಿಷ್ ಅಕ್ಷರ ಅಂತ ಒತ್ತಿದ್ದು ಕನ್ನಡ ಅಕ್ಷರ ಆಗಿ ಹೋಗತ್ತೆ, ಸ್ಕ್ರೀನ್ ಮೇಲೆ ಕಾಣೋದು ಬರೀ ಚುಕ್ಕೆ, ಪಾಸ್‌ವರ್ಡ್ ತಪ್ಪು ಅಂತ ಬರ್ತಾನೇ ಇರತ್ತೆ. ಸಿಸ್ಟಮ್ ಮಟ್ಟದಲ್ಲಿ ಇಂಗ್ಲಿಷ್ ಮೊದಲು ಇರಲಿ, ಕನ್ನಡಾನ ಲಾಗಿನ್ ಆದ್ಮೇಲೆ ಐಬಸ್ ಅನ್ನೋ ಟೈಪಿಂಗ್ ಟೂಲ್‌ನಲ್ಲೋ ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲೋ ಸೇರಿಸ್ಕೊಳಿ. ಇನ್ನು ಅಕೌಂಟ್‌ನ ಪೂರ್ತಿ ಹೆಸರನ್ನ ಕನ್ನಡದಲ್ಲೇ ಬರೀಬಹುದು, ಲಾಗಿನ್ ಸ್ಕ್ರೀನ್‌ನಲ್ಲಿ ನಮ್ಮ ಅಕ್ಷರದಲ್ಲೇ ಹೆಸರು ಕಂಡ್ರೆ ನಿಜಕ್ಕೂ ಖುಷಿ ಆಗತ್ತೆ, ಆದ್ರೆ ಫಾಂಟ್‌ನ ನಿಮ್ಮ ಹೋಮ್ ಫೋಲ್ಡರ್ ಒಳಗೆ ಹಾಕಿದ್ರೆ ಗ್ರೀಟರ್‌ಗೆ ಕಾಣಲ್ಲ, ಚೌಕ ಚೌಕ ಬರತ್ತೆ. ನೋಟೋ ಸ್ಯಾನ್ಸ್ ಕನ್ನಡವೋ ಲೋಹಿತ್ ಕನ್ನಡವೋ ಪ್ಯಾಕೇಜ್ ಮ್ಯಾನೇಜರ್‌ನಿಂದ ಇಡೀ ಸಿಸ್ಟಮ್‌ಗೆ ಹಾಕಿ. ವಾಲ್‌ಪೇಪರ್‌ಗೂ ಇದೇ ಮಾತು, ಫೋಟೋ ಹೋಮ್ ಒಳಗಿದ್ರೆ ಗ್ರೀಟರ್‌ನ ಯೂಸರ್‌ಗೆ ಅದನ್ನ ಓದೋ ಪರ್ಮಿಷನ್ ಇರಲ್ಲ.

ಆಟೋ ಲಾಗಿನ್ ಬಗ್ಗೆ ತುಂಬಾ ಜನ ಕೇಳ್ತಾರೆ. ನೀವು ಪಾಸ್‌ವರ್ಡ್ ಟೈಪ್ ಮಾಡಿದಾಗ ಅದೇ ಪಾಸ್‌ವರ್ಡ್‌ನಿಂದ ಕೀರಿಂಗ್, ಕೆಡಿಇ ಆದ್ರೆ ಕೆವಾಲೆಟ್, ತೆರೆದುಕೊಳತ್ತೆ, ಕೆಲವು ಬ್ರೌಸರ್‌ಗಳ ಪಾಸ್‌ವರ್ಡಿನ ಬೀಗ, ಕೆಲವು ಕಡೆ ವೈಫೈ ಪಾಸ್‌ವರ್ಡು ಎಲ್ಲ ಅದರೊಳಗೆ ಇರತ್ತೆ. ಆಟೋ ಲಾಗಿನ್‌ನಲ್ಲಿ ಟೈಪ್ ಮಾಡಿದ್ದೇನೂ ಇಲ್ವಲ್ಲ, ಬೆರಳಚ್ಚಲ್ಲೂ ಇಲ್ಲ, ಹಾಗಾಗಿ ಒಳಗೆ ಬಂದ ತಕ್ಷಣ ಕೀರಿಂಗ್ ಮತ್ತೆ ಪಾಸ್‌ವರ್ಡ್ ಕೇಳತ್ತೆ. ಅದು ಕಿರಿಕಿರಿ ಅಂತ ಕೀರಿಂಗ್‌ಗೆ ಖಾಲಿ ಪಾಸ್‌ವರ್ಡ್ ಇಡೋರಿದ್ದಾರೆ, ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ದೆ ಹಾಗೆ ಮಾಡಿದ್ರೆ ಲ್ಯಾಪ್‌ಟಾಪ್ ಕಳೆದ ದಿನ ಎಲ್ಲ ಹೋದ ಹಾಗೆ. ಬೂಟ್‌ನಲ್ಲೇ ಡಿಸ್ಕ್ ಪಾಸ್‌ವರ್ಡ್ ಕೇಳೋ ಹಾಗೆ ಪೂರ್ತಿ ಎನ್‌ಕ್ರಿಪ್ಟ್ ಮಾಡಿ, ಒಬ್ಬರೇ ಬಳಸೋ ಮಷಿನ್ ಆದ್ರೆ, ಆಟೋ ಲಾಗಿನ್ ಇಟ್ಕೊಳೋದ್ರಲ್ಲಿ ತಪ್ಪಿಲ್ಲ.

ಬದಲಾಯಿಸೋ ಕೆಲಸ ದೊಡ್ಡದಲ್ಲ. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ಹೊಸದನ್ನ ಇನ್‌ಸ್ಟಾಲ್ ಮಾಡ್ತಿದ್ದ ಹಾಗೇ ಯಾವುದು ಮುಖ್ಯ ಅಂತ ಅದೇ ಕೇಳತ್ತೆ. ಫೆಡೋರಾ, ಆರ್ಚ್‌ನಲ್ಲಿ ಹಳೇ ಸರ್ವಿಸ್ ಡಿಸೇಬಲ್ ಮಾಡಿ ಹೊಸದನ್ನ ಎನೇಬಲ್ ಮಾಡ್ಬೇಕು, ಹಳೇದನ್ನ ಡಿಸೇಬಲ್ ಮಾಡದೆ ಹೋದ್ರೆ ಫೈಲ್ ಆಗ್ಲೇ ಇದೆ ಅಂತ ಎರರ್ ಬರತ್ತೆ, ಆ ಫೈಲ್ ಅಂದ್ರೆ ಮೊದಲು ಹೇಳಿದ ಸಿಮ್‌ಲಿಂಕೇ. ಡೆಸ್ಕ್‌ಟಾಪ್ ಒಳಗೆ ಕೂತ್ಕೊಂಡು ಲಾಗಿನ್ ಮ್ಯಾನೇಜರ್ ಸರ್ವಿಸ್‌ನ ರೀಸ್ಟಾರ್ಟ್ ಮಾಡ್ಬೇಡಿ, ತೆರೆದಿಟ್ಟ ಕೆಲಸ ಎಲ್ಲ ಅದರ ಜೊತೆಗೇ ಹೋಗತ್ತೆ, ಸೇವ್ ಮಾಡಿ ರೀಬೂಟ್ ಮಾಡಿ. ಹೊಸದು ಸರಿಯಾಗಿ ಬಂತು ಅಂತ ಖಾತ್ರಿ ಆಗೋವರೆಗೂ ಹಳೇದನ್ನ ಅನ್‌ಇನ್‌ಸ್ಟಾಲ್ ಮಾಡ್ಬೇಡಿ.

ಪಾಸ್‌ವರ್ಡ್ ಸರಿ ಇದೆ, ಒಳಗೆ ಹೋದ ಹಾಗೆ ಆಗಿ ಮತ್ತೆ ಅದೇ ಲಾಗಿನ್ ಸ್ಕ್ರೀನ್‌ಗೆ ವಾಪಸ್ ಬರ್ತಿದೆ ಅಂದ್ರೆ ಲಾಗಿನ್ ಮ್ಯಾನೇಜರ್‌ನ ಬೈಬೇಡಿ, ಅದು ತನ್ನ ಕೆಲಸ ಮಾಡಿದೆ, ಸೆಷನ್ ಶುರುವಾಗಿ ಸತ್ತಿದೆ ಅಂತ ಅರ್ಥ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಟರ್ಮಿನಲ್‌ಗೆ ಹೋಗಿ ಲಾಗಿನ್ ಆಗಿ. ಮೊದಲು ಡಿಸ್ಕ್ ತುಂಬಿದ್ಯಾ ನೋಡಿ, ಹೋಮ್‌ನಲ್ಲಿ ಜಾಗ ಇಲ್ದಿದ್ರೆ ಡೆಸ್ಕ್‌ಟಾಪ್ ಏಳಲ್ಲ, ಬಹಳ ಸಲ ಕಾರಣ ಇಷ್ಟೇ ಇರತ್ತೆ. ಆಮೇಲೆ ಹೋಮ್‌ನಲ್ಲಿರೋ ಡಾಟ್ ಎಕ್ಸ್‌ಅಥಾರಿಟಿ ಫೈಲ್ ಯಾರ ಹೆಸರಲ್ಲಿದೆ ನೋಡಿ, ಯಾವತ್ತೋ ಸುಡೋ (ರೂಟ್ ಆಗಿ ಓಡಿಸೋ ಕಮಾಂಡ್) ಹಾಕಿ ಸ್ಟಾರ್ಟ್‌ಎಕ್ಸ್ ಓಡಿಸಿದ್ರೆ ಅದು ರೂಟ್ ಹೆಸರಿಗೆ ಹೋಗಿರತ್ತೆ, ವಾಪಸ್ ನಿಮ್ಮ ಹೆಸರಿಗೆ ಮಾಡಿ. ಎರಡೂ ಅಲ್ಲ ಅಂದ್ರೆ ಲಾಗಿನ್ ಸ್ಕ್ರೀನ್‌ನಲ್ಲಿ ಬೇರೆ ಸೆಷನ್ ಆರಿಸಿ ನೋಡಿ, ವೇಲ್ಯಾಂಡ್ ಇದ್ರೆ ಎಕ್ಸ್, ಎಕ್ಸ್ ಇದ್ರೆ ವೇಲ್ಯಾಂಡ್. ಅದೂ ಆಗ್ಲಿಲ್ಲ ಅಂದ್ರೆ ಸಿಸ್ಟಮ್ ಲಾಗ್ ತೋರಿಸೋ ಜರ್ನಲ್‌ಸಿಟಿಎಲ್‌ನಲ್ಲಿ ಈ ಬೂಟ್‌ನ ಕೊನೇ ಸಾಲುಗಳನ್ನ ಓದಿ, ಗ್ರಾಫಿಕ್ಸ್ ಡ್ರೈವರ್‌ನ ತೊಂದರೆ ಇದ್ರೆ ಸಾಮಾನ್ಯವಾಗಿ ಅಲ್ಲೇ ಬರೆದಿರತ್ತೆ.